ಕೊಂಡು ನೋಡುವುದೂ ಪರೀಕ್ಷಿಸಿ ನೋಡುವುದೂ

ಸ್ಮರಣ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯರು ಬರೆಯತಕ್ಕ ಲೇಖನಗಳು ವಿದ್ಯೆ, ವಿನಯ, ಶಿಸ್ತು ಮುಂತಾದ ದೊಡ್ಡ ವಿಷಯಗಳನ್ನು ಕುರಿತಿರುವುದು ವಾಡಿಕೆ. ಈ ಸಲ ನಾವು ನೋಡುವುದಕ್ಕೆ ಸಣ್ಣದಾದ ಒಂದು ವಿಷಯವನ್ನು ಆರಿಸಿಕೊಂಡಿರುವೆವು. ನಮ್ಮ ವಿದ್ಯಾರ್ಥಿನಿಯರು ತಮ್ಮ ಕೈಖರ್ಚಿನ ಹಣದಿಂದ ಕೊಂಡು ತಿನ್ನುವ ತಿನಿಸುಗಳು ಹಾಗೂ ಮುಖಕ್ಕೂ ಕೂದಲಿಗೂ ಕೈಗೂ ಹಚ್ಚಿಕೊಳ್ಳುವ ಸಾಮಾನುಗಳೇ ಆ ವಿಷಯ. ಇದು ಪಾಠಪಟ್ಟಿಯಲ್ಲಿಲ್ಲ, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೂ ಶಾಲೆಯನ್ನು ಬಿಟ್ಟು ಹೋದ ಮೇಲೆ ಪ್ರತಿಯೊಬ್ಬ ಬಾಲಿಕೆಯೂ ಜೀವಮಾನವೆಲ್ಲಾ ಬರೆಯಬೇಕಾದ ಪರೀಕ್ಷೆಯೆಂದರೆ ಅಂಗಡಿಯ ಮುಂದೆ ನಿಂತು ಬರೆಯುವ ಈ ಪರೀಕ್ಷೆಯೇ ಸರಿ.

ಈ ವಿಷಯದಲ್ಲಿ ಹಿರಿಯರೊಳಗೆ ಎರಡು ಪಕ್ಷಗಳಿವೆ. ಅಂಗಡಿಯ ತಿನಿಸೂ ಪರಿಮಳದ ಡಬ್ಬಿಯೂ ಹುಡುಗಿಯರನ್ನು ಕೆಡಿಸುವುವು, ಆದುದರಿಂದ ಅವುಗಳನ್ನು ಶಾಲೆಯ ಬಾಗಿಲೊಳಗೆ ಬಿಡಲೇ ಕೂಡದು ಎಂಬುದು ಮೊದಲನೆಯ ಪಕ್ಷ. ಕಾಲ ಬದಲಾಗಿದೆ, ಮಕ್ಕಳು ಇಷ್ಟಪಟ್ಟದ್ದನ್ನು ಕೊಂಡುಕೊಳ್ಳಲಿ, ನಮಗೇಕೆ ಎಂಬುದು ಎರಡನೆಯದು. ನಮ್ಮ ಅಭಿಪ್ರಾಯವು ಇವೆರಡಕ್ಕೂ ಭಿನ್ನವಾದದ್ದು. ಹೊಸ ಸಾಮಾನನ್ನು ಒಮ್ಮೆ ಕೊಂಡು ನೋಡೋಣವೆಂಬ ಆಸೆಯು ದೋಷವಲ್ಲ. ಅದು ಚುರುಕಾದ ಮನಸ್ಸಿನ ಗುರುತು. ಆದರೆ ಕೊಂಡು ನೋಡುವುದು ಬೇರೆ, ಪರೀಕ್ಷಿಸಿ ನೋಡುವುದು ಬೇರೆ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಕಣ್ಣು, ಲೆಕ್ಕ, ತಾಳ್ಮೆ ಮೂರೂ ಬೇಕು. ಬರಿಯ ನಿಷೇಧವು ಶಾಲೆಯ ಗೋಡೆಯ ವರೆಗೆ ಮಾತ್ರ ನಡೆಯುವುದು. ಪರೀಕ್ಷಿಸುವ ಅಭ್ಯಾಸವು ಗೋಡೆಯಾಚೆಗೂ ಬಾಲಿಕೆಯ ಜೊತೆಯಲ್ಲಿ ಹೋಗುವುದು.

ಈ ಎಣಿಕೆಯಿಂದಲೇ ನಮ್ಮ ಗೃಹವಿಜ್ಞಾನದ ತರಗತಿಯಲ್ಲಿ ಕೆಲವು ಶನಿವಾರಗಳನ್ನು ಇಂಥಾ ಪರೀಕ್ಷೆಗಳಿಗೆಂದು ಮೀಸಲಿಟ್ಟೆವು. ಮೊದಲು ಬಿಸ್ಕತ್ತುಗಳ ಸರದಿ. ಐದು ಬಗೆಯ ಬಿಸ್ಕತ್ತುಗಳ ಹೊದಿಕೆಯನ್ನು ತೆಗೆದು ತಟ್ಟೆಗಳಲ್ಲಿಟ್ಟು, ಹೆಚ್ಚು ಬೆಲೆಯದು ಯಾವುದೆಂದು ರುಚಿಯಿಂದಲೇ ಹೇಳುವಂತೆ ಕೇಳಿದೆವು. ಹೆಚ್ಚಿನವರಿಂದ ಅದು ಆಗಲಿಲ್ಲ. ಹೊದಿಕೆಯ ಮೇಲಣ ಚಿತ್ರವನ್ನು ಕಂಡಾಗ ಇದ್ದ ರುಚಿಯು ಚಿತ್ರ ಮರೆಯಾದೊಡನೆ ಮರೆಯಾಯಿತೆಂದು ಹುಡುಗಿಯರು ತಾವೇ ಹೇಳಿ ನಕ್ಕರು. ತರುವಾಯ ಹೊದಿಕೆಗಳನ್ನು ಓದಲು ಕೊಟ್ಟೆವು. ತಿನಿಸಿನಲ್ಲಿ ಬೆರೆಸಿದ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲಿಯೇ ಅಚ್ಚುಹಾಕಿಸಬೇಕೆಂಬುದು ನಿಯಮ. ರಾಗಿಯ ತೆನೆಯ ಚಿತ್ರವನ್ನು ದೊಡ್ಡದಾಗಿ ಹೊತ್ತ ಒಂದು ಪೊಟ್ಟಣದಲ್ಲಿ ಮೈದಾ ಮೊದಲನೆಯದಾಗಿಯೂ ಸಕ್ಕರೆ ಎರಡನೆಯದಾಗಿಯೂ ಇದ್ದು, ರಾಗಿಯು ಪಟ್ಟಿಯ ಬಾಲದಲ್ಲಿ ಸಿಕ್ಕಿತು. ಇದರಲ್ಲಿ ಸುಳ್ಳಿಲ್ಲ; ಸತ್ಯವನ್ನು ಸಣ್ಣ ಅಕ್ಷರದಲ್ಲಿ ಬರೆದಿದೆ, ಅಷ್ಟೇ. ಸಣ್ಣ ಅಕ್ಷರವನ್ನು ಓದುವವಳಿಗೆ ದೊಡ್ಡ ಚಿತ್ರವು ಮೋಸಮಾಡಲಾರದು.

ಹಾಗೆಯೇ ಪಾನೀಯಗಳನ್ನೂ ನೋಡಿದೆವು. ಸೀಸೆಯ ಮೇಲೆ ೧೦೦ ಮಿಲಿಲೀಟರಿಗೆ ೧೦ ಗ್ರಾಂ ಸಕ್ಕರೆಯೆಂದಿದ್ದರೆ, ೨೫೦ ಮಿಲಿಲೀಟರಿನ ಸೀಸೆಯಲ್ಲಿ ೨೫ ಗ್ರಾಂ ಆಯಿತು. ಅಷ್ಟು ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಿ ಬಿಳಿಯ ಕಾಗದದ ಮೇಲೆ ಸುರಿದಾಗ ಐದಾರು ಚಹಾ ಚಮಚೆಯಷ್ಟಾಯಿತು. ಆ ಗುಡ್ಡೆಯನ್ನು ನೋಡಿದ ಮೇಲೆ ನಾವು ಉಪದೇಶ ಹೇಳುವ ಅವಶ್ಯವೇ ಬೀಳಲಿಲ್ಲ. ಐಸ್ ಕ್ರೀಮಿನ ಸಂಗತಿಯೂ ಹೀಗೆಯೇ. ಹಾಲಿನ ಜಿಡ್ಡಿನಿಂದ ಮಾಡಿದ್ದು ಮಾತ್ರ ಐಸ್ ಕ್ರೀಮ್ ಎಂಬ ಹೆಸರಿಗೆ ಅರ್ಹ. ಸಸ್ಯದ ಎಣ್ಣೆಯಿಂದ ಮಾಡಿದ್ದನ್ನು ಫ್ರೋಜನ್ ಡೆಸರ್ಟ್ ಎಂದೇ ಕರೆಯಬೇಕು. ಎರಡನೆಯದು ವಿಷವೇನೂ ಅಲ್ಲ. ಆದರೆ ಹಾಲೆಂದು ತಿಳಿದು ಎಣ್ಣೆಗೆ ಹಣ ಕೊಡುವವಳು ತಾನು ಏನು ಮಾಡುತ್ತಿರುವೆನೆಂಬುದನ್ನು ಅರಿತಿರಬೇಕಷ್ಟೆ.

ಹೊದಿಕೆಯೇ ಇಲ್ಲದ ಬೀದಿಯ ತಿನಿಸುಗಳಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ. ಅಲ್ಲಿ ಕಣ್ಣೇ ಪ್ರಮಾಣ. ಜಾತ್ರೆಗಳಲ್ಲಿಯೂ ಶಾಲೆಗಳ ಮುಂದೆಯೂ ಮಾರುವ ಬಾಂಬೆ ಮಿಠಾಯಿಯ ಕಡು ಗುಲಾಬಿ ಬಣ್ಣವನ್ನು ನೋಡಿ ಮನಸೋಲದ ಮಗುವಿಲ್ಲ. ೨೦೨೪ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರದವರು ಈ ಮಿಠಾಯಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದರು. ಅದಕ್ಕೆ ಮುಂಚೆ ಪರೀಕ್ಷೆಗಾಗಿ ತೆಗೆದ ಮಿಠಾಯಿಯ ೨೫ ಮಾದರಿಗಳಲ್ಲಿ ೧೫ರಲ್ಲಿಯೂ, ಗೋಬಿಯ ೧೭೧ ಮಾದರಿಗಳಲ್ಲಿ ೧೦೭ರಲ್ಲಿಯೂ ಸುರಕ್ಷಿತವಲ್ಲದ ಬಣ್ಣಗಳು ಸಿಕ್ಕಿದ್ದವು. ಅವುಗಳಲ್ಲೊಂದಾದ ರೋಡಮೈನ್-ಬಿ ಎಂಬುದು ಬಟ್ಟೆಗೂ ಕಾಗದಕ್ಕೂ ಹಾಕತಕ್ಕ ಬಣ್ಣ, ಹೊಟ್ಟೆಗೆ ಹಾಕತಕ್ಕದ್ದಲ್ಲ. ಬಣ್ಣವಿಲ್ಲದ ಬಿಳಿಯ ಮಿಠಾಯಿಗೆ ನಿಷೇಧವಿಲ್ಲ. ಸವಿಯಲ್ಲಿ ಅದು ಎಳ್ಳಷ್ಟೂ ಕಡಿಮೆಯದಲ್ಲ.

ಇನ್ನು ಮೈಗೆ ಹಚ್ಚುವ ಸಾಮಾನುಗಳ ವಿಚಾರ. ಇವುಗಳಲ್ಲಿ ಸಾಬೂನೇ ಮೊದಲನೆಯದು. ಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಮೂರು ಅಕ್ಷರಗಳ ಮುಂದೆ ಒಂದು ಅಂಕಿ ಇರುವುದು. ಸಾಬೂನಿನಲ್ಲಿರುವ ಕೊಬ್ಬಿನಂಶವು ನೂರಕ್ಕೆ ಎಷ್ಟೆಂಬುದನ್ನು ಅದು ತಿಳಿಸುವುದು. ಭಾರತೀಯ ಮಾನಕಗಳ ಪ್ರಕಾರ ಅದು ೭೬ಕ್ಕೆ ಕಡಿಮೆಯಿಲ್ಲದಿದ್ದರೆ ಮೊದಲನೆಯ ದರ್ಜೆ, ೭೦ಕ್ಕೆ ಕಡಿಮೆಯಿಲ್ಲದಿದ್ದರೆ ಎರಡನೆಯ ದರ್ಜೆ, ೬೦ಕ್ಕೆ ಕಡಿಮೆಯಿಲ್ಲದಿದ್ದರೆ ಮೂರನೆಯ ದರ್ಜೆ. ಬೇದಿಂಗ್ ಬಾರ್ ಎಂದು ಬರೆದಿರತಕ್ಕದ್ದಕ್ಕೆ ೪೦ ಇದ್ದರೂ ಸಾಕು. ನಟಿಯರ ಚಿತ್ರಕ್ಕಿಂತ ಈ ಒಂದು ಅಂಕಿಯು ಹೆಚ್ಚು ವಿಷಯವನ್ನು ಹೇಳುವುದು. ನಮ್ಮ ಬಾಲಿಕೆಯರು ನಾಲ್ಕು ಬಗೆಯ ಸಾಬೂನುಗಳನ್ನು ಮೂರು ವಾರ ಬಳಸಿ, ವಾರಕ್ಕೊಮ್ಮೆ ತೂಗಿ ಲೆಕ್ಕವಿಟ್ಟರು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಬಾಳಿಕೆಯಲ್ಲಿ ಮೂರನೆಯದಾಯಿತು. ಯಾವ ಸಾಬೂನೇ ಆಗಲಿ, ನೀರು ನಿಂತ ಡಬ್ಬಿಯಲ್ಲಿಟ್ಟದ್ದು ಬೇಗ ಕರಗಿ, ಒಣಗಿದ ಕಡೆಯಲ್ಲಿಟ್ಟದ್ದು ಹೆಚ್ಚು ದಿನ ಬಂದದ್ದು ಎಲ್ಲರೂ ಕಂಡ ಇನ್ನೊಂದು ಸಂಗತಿ.

ಸಾಬೂನಿನ ಮಾತು ಬಂದಮೇಲೆ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧವು ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಮೈಸೂರು ಸರ್ಕಾರದವರು ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯಲಾರಂಭಿಸಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಗಂಧದ ಸಾಬೂನು ಸಿದ್ಧವಾಯಿತು. ಅದರ ವಿದ್ಯೆಯನ್ನು ಕಲಿತುಬರಲು ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿದ್ದರು. ಸಾಬೂನು ಮಂತ್ರದಿಂದ ಆಗುವುದಿಲ್ಲ, ರಸಾಯನಶಾಸ್ತ್ರದಿಂದ ಆಗುವುದು. ಅದನ್ನು ಕಲಿತವನು ಮಾಡಬಲ್ಲನು; ಅದನ್ನು ಸ್ವಲ್ಪವಾದರೂ ಕಲಿತವಳು ಪರೀಕ್ಷಿಸಬಲ್ಲಳು.

ಮದರಂಗಿಯ ವಿಷಯದಲ್ಲಿ ಒಂದೇ ಮಾತು. ಎಲೆಯನ್ನು ಅರೆದು ಹಚ್ಚಿದ ಮದರಂಗಿಯು ಕಿತ್ತಳೆಗೆಂಪಿನಿಂದ ಕಂದುಗೆಂಪಿಗೆ ನಿಧಾನವಾಗಿ ತಿರುಗುವುದು, ಅದು ಕಪ್ಪಾಗುವುದಿಲ್ಲ. ಒಂದು ಗಂಟೆಯೊಳಗೆ ಕಾಡಿಗೆಗಪ್ಪಾಗುವ ಮದರಂಗಿಯಲ್ಲಿ ಕೂದಲಿಗೆ ಹಾಕುವ ಪಿ.ಪಿ.ಡಿ. ಎಂಬ ರಾಸಾಯನಿಕವಿರುವ ಸಂಭವ ಬಹಳ. ಅದು ಚರ್ಮದ ಮೇಲೆ ಬೊಬ್ಬೆಗಳನ್ನೆಬ್ಬಿಸಿ ಕಲೆಯುಳಿಸಬಲ್ಲುದು. ಮದುವೆಯ ಮನೆಯಲ್ಲಿ ಎಳೆಯ ಮಕ್ಕಳ ಕೈಗೆ ಇದನ್ನು ಹಾಕಿಸುವ ತಾಯಂದಿರು ದಯವಿಟ್ಟು ಇದನ್ನು ನೆನಪಿನಲ್ಲಿಡತಕ್ಕದ್ದು.

ಈಗ ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿ ಕುಳಿತಿರುವ ವಿಷಯಕ್ಕೆ ಬರುವೆವು. ಅದು ಮುಖವನ್ನು ಬಿಳುಪುಮಾಡುವುದಾಗಿ ಹೇಳುವ ಲೇಪಗಳ ವಿಷಯ. ನಮ್ಮ ಶಾಲೆಯಲ್ಲಿ ಓಟದಲ್ಲಿ ಮುಂದಾಗಿದ್ದ ಒಬ್ಬ ಬಾಲಿಕೆಯು ಇದ್ದಕ್ಕಿದ್ದಂತೆ ಆಟದ ಬೈಲಿಗೆ ಬರುವುದನ್ನು ನಿಲ್ಲಿಸಿದಳು. ವಿಚಾರಿಸಲಾಗಿ, ಬಿಸಿಲಿನಲ್ಲಿ ಓಡಿದರೆ ಬಣ್ಣ ಕೆಡುವುದೆಂದು ಮನೆಯವರು ಹೇಳಿದರೆಂದೂ, ತಾನು ಒಂದು ಲೇಪವನ್ನು ಹಚ್ಚುತ್ತಿರುವೆನೆಂದೂ ತಿಳಿಸಿದಳು. ಆ ಡಬ್ಬಿಯನ್ನು ತರಿಸಿ ಶನಿವಾರದ ತರಗತಿಯಲ್ಲಿ ಅವಳ ಕೈಯಿಂದಲೇ ಓದಿಸಿದೆವು. ಪದಾರ್ಥಗಳ ಪಟ್ಟಿಯಿಲ್ಲ; ತಯಾರಿಸಿದವರ ವಿಳಾಸವಿಲ್ಲ; ಲೈಸೆನ್ಸಿನ ಸಂಖ್ಯೆಯಿಲ್ಲ; ತಾರೀಖೂ ಇಲ್ಲ. "ಟೀಚರೇ, ಇದರ ಮೇಲೆ ಓದುವುದಕ್ಕೆ ಏನೂ ಇಲ್ಲವಲ್ಲ" ಎಂದಳು. ಆ ಒಂದು ಮಾತಿನಲ್ಲಿಯೇ ಪರೀಕ್ಷೆ ಮುಗಿಯಿತು.

ಇಂಥಾ ಡಬ್ಬಿಗಳಲ್ಲಿ ಏನಿರಬಹುದೆಂಬುದು ಊಹೆಯ ಮಾತಲ್ಲ. ಕೆಲವುಗಳಲ್ಲಿ ಪಾದರಸವಿರುವುದು. ಚರ್ಮಕ್ಕೆ ಬಣ್ಣವನ್ನು ಕೊಡುವ ಮೆಲನಿನ್ ಎಂಬ ವಸ್ತುವು ಉಂಟಾಗುವುದನ್ನು ಪಾದರಸವು ತಡೆಯುವುದು. ಆದುದರಿಂದ ಕೆಲವು ವಾರ ಮುಖವು ತಿಳಿಯಾದಂತೆ ಕಾಣುವುದು. ಆದರೆ ಅದು ಚರ್ಮದಲ್ಲಿಯೇ ನಿಲ್ಲದೆ ರಕ್ತವನ್ನು ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು. ೨೦೨೧ರ ಜುಲೈ ತಿಂಗಳಿಂದ ೨೦೨೩ರ ಸೆಪ್ಟೆಂಬರ್ ವರೆಗೆ ಕೇರಳದ ಕೋಟ್ಟಕ್ಕಲ್ ಎಂಬಲ್ಲಿ ವೈದ್ಯರು ಒಂದು ಬಗೆಯ ಮೂತ್ರಪಿಂಡರೋಗದ ೨೨ ಮಂದಿಯನ್ನು ಪರೀಕ್ಷಿಸಿದಾಗ, ೧೫ ಮಂದಿಯಲ್ಲಿ ಸಾಮಾನ್ಯವಾಗಿ ಅಪರೂಪವಾದ ಒಂದು ಲಕ್ಷಣವು ಕಂಡುಬಂತು. ಆ ೧೫ ಮಂದಿಯಲ್ಲಿ ೧೩ ಮಂದಿ ಮುಖ ಬಿಳುಪಿನ ಲೇಪಗಳನ್ನು ಬಳಸುತ್ತಿದ್ದರು. ಲೇಪವನ್ನು ಬಿಟ್ಟ ಮೇಲೆ ಹೆಚ್ಚಿನವರು ಗುಣಮುಖರಾದರೆಂಬುದು ಸಮಾಧಾನದ ಮಾತು. ಜಪಾನಿನ ಮಿನಮಾಟ ಎಂಬ ಊರಿನಲ್ಲಿ ಕಾರ್ಖಾನೆಯ ಪಾದರಸವು ಸಮುದ್ರದ ಮೀನನ್ನು ಸೇರಿ, ತಿಂದ ಜನರನ್ನು ಕೊಂದ ಸಂಗತಿಯು ೧೯೫೬ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲಿ ೨೦೧೩ರಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದವು ಪಾದರಸದ ಮುಖಲೇಪಗಳನ್ನೂ ನಿಲ್ಲಿಸತಕ್ಕದ್ದೆಂದು ವಿಧಿಸುವುದು. ಹೀಗಿದ್ದರೂ ಹೆಸರಿಲ್ಲದ ಡಬ್ಬಿಗಳು ಗುಟ್ಟಾಗಿ ಬರುತ್ತಲೇ ಇವೆ.

ಮತ್ತೆ ಕೆಲವರು ಸ್ಟೀರಾಯ್ಡ್ ಸೇರಿದ ಔಷಧವನ್ನೇ ಸೌಂದರ್ಯಕ್ಕೆಂದು ಹಚ್ಚುವರು. ಅದರಿಂದ ಚರ್ಮವು ತೆಳ್ಳಗಾಗಿ ಕೆಂಪೇರಿ, ಮೊಡವೆಗಳೂ ಬೇಡದ ಕೂದಲೂ ಬರುವುವು. ೨೦೧೮ರಲ್ಲಿ ಭಾರತ ಸರ್ಕಾರದವರು ಇಂಥಾ ೧೪ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮಿಸಿದರು. ನೆರೆಮನೆಯವರು ಕೊಟ್ಟರೆಂದು ಇಂಥಾ ಟ್ಯೂಬನ್ನು ಮುಖಕ್ಕೆ ಹಚ್ಚುವುದು ಶುದ್ಧ ಅವಿವೇಕ.

ಹೆಸರುವಾಸಿಯಾದ ಲೇಪಗಳ ವಿಷಯವೇನೆಂದು ಕೆಲವರು ಕೇಳಬಹುದು. ಅವುಗಳಲ್ಲಿ ಪಾದರಸವಿದೆಯೆಂದು ನಾವು ಹೇಳುವುದಿಲ್ಲ. ಆದರೆ ೧೯೭೫ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದು ಮನೆಮನೆಯಲ್ಲಿ ಹೆಸರಾಗಿದ್ದ ಫೇರ್ ಅಂಡ್ ಲವ್ಲಿಯು ೨೦೨೦ರಲ್ಲಿ ತನ್ನ ಹೆಸರಿನಿಂದ ಬಿಳುಪೆಂಬ ಮಾತನ್ನು ತೆಗೆದು ಗ್ಲೋ ಅಂಡ್ ಲವ್ಲಿ ಆಯಿತೆಂಬುದು ಯೋಚಿಸತಕ್ಕ ಸಂಗತಿ. ಡಬ್ಬಿಯ ಹೆಸರು ಬದಲಾಯಿತು. ನಮ್ಮ ಮನೆಗಳ ಮಾತು ಬದಲಾಯಿತೇ? ಹೆಣ್ಣುಮಗು ಹುಟ್ಟಿದೊಡನೆ ಬಣ್ಣ ಹೇಗಿದೆಯೆಂದು ಕೇಳುವುದನ್ನು ಬಿಟ್ಟಿರುವೆವೇ? ವರಾನ್ವೇಷಣೆಯ ಜಾಹೀರಾತುಗಳಲ್ಲಿ ಬಿಳುಪಾದ ವಧು ಬೇಕೆಂದು ಬರೆಯುವವರು ನಮ್ಮವರಲ್ಲವೇ? ಮೆಲನಿನ್ ಎಂಬುದು ಕೊಳೆಯಲ್ಲ. ಸುಡುವ ಬಿಸಿಲಿನ ಅಪಾಯದಿಂದ ಚರ್ಮವನ್ನು ಕಾಪಾಡುವ ಸ್ವಾಭಾವಿಕವಾದ ಕೊಡೆ. ಅಂಥಾ ಕೊಡೆಯನ್ನು ಹಣ ಕೊಟ್ಟು ಹರಿದುಕೊಳ್ಳುವಂತೆ ನಮ್ಮ ಮಕ್ಕಳಿಗೆ ಹೇಳುವವರು ವ್ಯಾಪಾರಿಗಳು ಮಾತ್ರವಲ್ಲ. ವ್ಯಾಪಾರಿಯು ಬರುವುದಕ್ಕೆ ಮುಂಚೆಯೇ ಆ ಮಾತನ್ನು ಮನೆಯ ಹಿರಿಯರು ಹೇಳಿ ಮುಗಿಸಿರುವರು. ಅವನು ಡಬ್ಬಿಯನ್ನು ಮಾತ್ರ ತರುವನು. ಆದುದರಿಂದ ಪರೀಕ್ಷಿಸಬೇಕಾದದ್ದು ಲೇಪವನ್ನಷ್ಟೇ ಅಲ್ಲ, ಲೇಪವು ಬೇಕೆಂದು ಹೇಳುವ ಮಾತನ್ನೂ ಪರೀಕ್ಷಿಸಬೇಕು.

ನಮ್ಮ ಬಾಲಿಕೆಯರಿಗೆ ಕೆಲವು ಸುಲಭವಾದ ಸೂಚನೆಗಳನ್ನು ಕೊಡುವೆವು. ಹೆಸರು, ವಿಳಾಸ, ತಾರೀಖು, ಪದಾರ್ಥಗಳ ಪಟ್ಟಿ ಇಲ್ಲದ ಯಾವುದನ್ನೂ ಮುಖಕ್ಕೆ ಹಚ್ಚಕೂಡದು. ಪಟ್ಟಿಯಲ್ಲಿ ಮರ್ಕ್ಯುರಿ, ಕ್ಯಾಲೊಮೆಲ್ ಎಂಬ ಮಾತುಗಳಿದ್ದರೆ ಕೊಳ್ಳಲೇ ಕೂಡದು. ಹೊಸ ಲೇಪವನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಎರಡು ದಿನ ಕಾದು, ತುರಿಕೆಯೂ ಕೆಂಪೂ ಇಲ್ಲವೆಂದು ಕಂಡ ಮೇಲೆಯೇ ಬಳಸತಕ್ಕದ್ದು. ಆದರೆ ಪಾದರಸದಂಥಾ ವಿಷವನ್ನು ಈ ಪರೀಕ್ಷೆಯು ತೋರಿಸದೆಂಬುದನ್ನು ಮರೆಯಕೂಡದು. ಕೊಂಡ ಸಾಮಾನಿನ ರಸೀದಿಯನ್ನು ಇಟ್ಟುಕೊಳ್ಳತಕ್ಕದ್ದು. ಮೋಸವಾದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯುಂಟು. ೧೯೧೫ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದೂರು ಕೊಡುವ ಏರ್ಪಾಡೂ ಉಂಟು. ದೂರು ಕೊಡುವುದು ಜಗಳಗಂಟಿತನವಲ್ಲ; ಅದೂ ಒಂದು ನಾಗರಿಕ ಧರ್ಮ.

ತಂದೆತಾಯಿಗಳಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ನಿಮ್ಮ ಹೆಣ್ಣುಮಕ್ಕಳು ಒಂದು ಮಿಠಾಯಿಯನ್ನೋ ಒಂದು ಪರಿಮಳದ ಸಾಬೂನನ್ನೋ ಆಸೆಪಟ್ಟು ಕೊಂಡು ತಂದಾಗ ಗದರಿಸಬೇಡಿರಿ. ಪಕ್ಕದಲ್ಲಿ ಕುಳಿತು ಅದರ ಮೇಲಿರುವ ಸಣ್ಣ ಅಕ್ಷರಗಳನ್ನು ಅವರೊಡನೆ ಓದಿರಿ. ಸವಿಯಾದದ್ದನ್ನು ಹಂಚಿಕೊಂಡು ತಿನ್ನಿರಿ. ಆದರೆ ಅವರ ಬಣ್ಣವನ್ನು ಕುರಿತು ಆಡುವ ಹಗುರಾದ ಮಾತನ್ನು ಇಂದಿನಿಂದಲೇ ನಿಲ್ಲಿಸಿರಿ. ಆಟದ ಬೈಲಿಗೆ ಹೋಗುವ ಮಗಳನ್ನು ಬಿಸಿಲಿನ ನೆವದಿಂದ ತಡೆಯಬೇಡಿರಿ. ಓಡುವ ಕಾಲುಗಳೂ ಓದುವ ಕಣ್ಣುಗಳೂ ಅವಳಿಗೆ ಯಾವ ಡಬ್ಬಿಗಿಂತಲೂ ಹೆಚ್ಚು ಕಾಲ ಬಾಳುವುವು.