ಹಲ್ಲು ಕೀಳಿಸುವ ಮುನ್ನ

ಮುಖದ ಒಂದು ಪಾರ್ಶ್ವದಲ್ಲಿ ಮಿಂಚು ಹೊಡೆದಂತೆ ನೋವು ಬಂದರೆ ಜನರು ಮೊದಲು ಶಂಕಿಸುವುದು ಹಲ್ಲನ್ನು. ಒಂದು ದವಡೆಹಲ್ಲು ಕೀಳಿಸಿಯೂ ನೋವು ನಿಲ್ಲದಿದ್ದಾಗ ಮತ್ತೊಂದನ್ನು ಕೀಳಿಸುವುದೂ ಉಂಟು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಹಲ್ಲು ಕೀಳಿಸುವ ಮುನ್ನ ಇದು ನರದ ನೋವೇ ಎಂದು ವೈದ್ಯರನ್ನು ಕೇಳಿರಿ, ಹೌದೆಂದಾದರೆ ಒಮ್ಮೆ ಎಂ.ಆರ್.ಐ. ಪರೀಕ್ಷೆ ಮಾಡಿಸಿರಿ.

ಮುಖದ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರವು ಹಣೆ, ಕೆನ್ನೆ, ದವಡೆಗಳಿಗೆ ಮೂರು ಕವಲಾಗಿ ಹರಡಿದೆ. ಮಿದುಳುಕಾಂಡದ ಬಳಿ ಅದರ ಮೇಲೆ ಒತ್ತಡ ಬಿದ್ದರೆ ಮುಖ ತೊಳೆಯುವಾಗ, ಪ್ರಸಾದ ಸ್ವೀಕರಿಸುವಾಗ, ಮಾತನಾಡುವಾಗ, ತಂಗಾಳಿ ಸೋಕಿದಾಗ ಅಸಹನೀಯ ನೋವು ಚಿಮ್ಮುತ್ತದೆ. ಕ್ಷಣಮಾತ್ರದಿಂದ ಎರಡು ನಿಮಿಷದವರೆಗೆ ಇದ್ದು ನಿಲ್ಲುತ್ತದೆ. ಹಣೆಯ ಕವಲಿಗೆ ತಗುಲಿದರೆ ವಿಭೂತಿ ಧರಿಸುವುದೂ ಕಷ್ಟವಾದೀತು.

ಬಹುಪಾಲು ರೋಗಿಗಳಲ್ಲಿ ನರವನ್ನು ಒತ್ತುವುದು ರಕ್ತನಾಳ. ಕೆಲವರಲ್ಲಿ ಮಾತ್ರ ಎಪಿಡರ್ಮಾಯ್ಡ್ ಎಂಬ ಗಂಟು. ಶಿಶು ಗರ್ಭದಲ್ಲಿ ರೂಪುಗೊಳ್ಳುವಾಗ ತಲೆಯೊಳಗೆ ಸಿಲುಕಿದ ಚರ್ಮದ ಜೀವಕೋಶಗಳಿಂದ ಹುಟ್ಟಿ, ವರ್ಷಾನುಗಟ್ಟಲೆ ಮೆಲ್ಲನೆ ಬೆಳೆಯುವ, ಮುತ್ತಿನಂತೆ ಬೆಳ್ಳಗಿರುವ ಚೀಲವಿದು. ಇದು ಕ್ಯಾನ್ಸರ್ ಅಲ್ಲ.

ಕಾರ್ಬಮಜೆಪಿನ್ ಮಾತ್ರೆಯು ಎರಡೂ ಬಗೆಯ ನೋವನ್ನು ತಗ್ಗಿಸಬಲ್ಲದು. ಆದಕಾರಣ ನೋವು ತಗ್ಗಿತೆಂದ ಮಾತ್ರಕ್ಕೆ ಗಂಟಿಲ್ಲವೆಂದು ನೆಮ್ಮದಿ ತಾಳಲಾಗದು. ಸಾಮಾನ್ಯವಾಗಿ 50 ವರ್ಷ ದಾಟಿದವರನ್ನು ಕಾಡುವ ಈ ನೋವು ಕಿರಿಯರಿಗೆ ಬಂದರೆ, ಮುಖ ಜೋಮು ಹಿಡಿದರೆ, ಕಿವಿ ಮಂದವಾದರೆ, ನಡಿಗೆ ತೂರಾಡಿದರೆ ತಡಮಾಡಲೇಬಾರದು. ಮಾತ್ರೆ ಆರಂಭಿಸಿದ ಮೇಲೆ ಮೈಮೇಲೆ ಗುಳ್ಳೆಗಳೆದ್ದರೆ ಕೂಡಲೇ ವೈದ್ಯರನ್ನು ಕಾಣಬೇಕು.

ಗಂಟು ಕಂಡ ಎಲ್ಲರಿಗೂ ಶಸ್ತ್ರಚಿಕಿತ್ಸೆ ಅನಿವಾರ್ಯವಲ್ಲ. ಅನಿವಾರ್ಯವಾದಾಗ ಕಿವಿಯ ಹಿಂಬದಿಯಿಂದ ಸೂಕ್ಷ್ಮದರ್ಶಕದ ನೆರವಿನಿಂದ ಗಂಟನ್ನು ತೆಗೆಯುತ್ತಾರೆ. ನರಕ್ಕೆ ಬಿಗಿಯಾಗಿ ಅಂಟಿದ ಅಂಶವನ್ನು ಬಿಡಬೇಕಾಗಬಹುದು. ಹಾಗಾಗಿ ಮುಂದೆಯೂ ಆಗಾಗ ಪರೀಕ್ಷೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಇಂಥ ಚಿಕಿತ್ಸೆಗೆ ಹೆಸರಾಗಿದೆ.

ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಮೈಸೂರಿಗೆ ಹೋಗಿಬರುವುದು ಕಷ್ಟವೆಂಬುದನ್ನೂ, ಖರ್ಚಿನ ಭಾರವನ್ನೂ ನಾವು ಬಲ್ಲೆವು. ಆದರೆ ಹಲ್ಲು ಕೀಳಿಸಲು ಮತ್ತೆ ಮತ್ತೆ ಅಲೆಯುವುದಕ್ಕೂ ದಿನ ಕಳೆಯುತ್ತದೆ, ಹಣ ಸಲ್ಲುತ್ತದೆ. ಹೋದ ಹಲ್ಲು ಮರಳುವುದಿಲ್ಲ. ಗ್ರಾಮಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೊಡನೆ “ಮುಖ ಮುಟ್ಟಿದರೆ ಮಿಂಚಿನಂಥ ನೋವು ಬರುವುದೇ?” ಎಂಬ ಪ್ರಶ್ನೆಯನ್ನೂ ಕೇಳಬೇಕು. ಹೌದೆಂದವರಿಗೆ ನರರೋಗ ತಜ್ಞರನ್ನು ಕಾಣಲು ಅಲ್ಲಿಯೇ ಚೀಟಿ ಬರೆದುಕೊಡುವಂತಾಗಲಿ.