ಒಂದು ನೇರ ಗೆರೆ ಎಳೆಯಿರಿ ನೋಡೋಣ!

ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಎಂದರೆ ನಮ್ಮಲ್ಲಿ ಬಹಳಷ್ಟು ಮಂದಿಗೆ ಬ್ರೆಸೆನ್‌ಹ್ಯಾಮ್ ಅಲ್ಗಾರಿದಮ್ ಉರು ಹೊಡೆಯುವುದು, ಸೀನಿಯರ್ ರೆಕಾರ್ಡ್ ನೋಡಿ ನಕಲು ಮಾಡುವುದು, ವೈವಾದಲ್ಲಿ ಒಪ್ಪಿಸುವುದು. ಅಷ್ಟೇ. ಇದನ್ನು ವೆಬ್ ಪುಟದಲ್ಲೇ ಕಲಿಸಬಾರದೇಕೆ? ಓಪನ್‌ಜಿಎಲ್ ಇನ್‌ಸ್ಟಾಲ್ ಮಾಡುವ ಗೋಳಿಲ್ಲ (ಅದರಲ್ಲೇ ಅರ್ಧ ಲ್ಯಾಬ್ ಮುಗಿದಿರುತ್ತದೆ). ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದೇ ಇರುತ್ತವೆ.

ಜಾವಾಸ್ಕ್ರಿಪ್ಟ್‌ನಲ್ಲಿ ಗೆರೆ ಎಳೆಯುವುದು ನಾಲ್ಕಾರು ಸಾಲಿನ ಕೆಲಸ. ಪುಟದಲ್ಲಿ ಕ್ಯಾನ್ವಾಸ್ ಇಟ್ಟು, ‘ಮೂವ್‌ಟು’ ಎಂದು ಪೆನ್ನನ್ನು ಒಂದು ಬಿಂದುವಿಗೆ ಒಯ್ದು, ‘ಲೈನ್‌ಟು’ ಎಂದು ಇನ್ನೊಂದು ಬಿಂದು ತೋರಿಸಿ, ‘ಸ್ಟ್ರೋಕ್’ ಎಂದರೆ ಮುಗಿಯಿತು. ಎಐ ಕೇಳಿದರೂ ಬರೆದುಕೊಡುತ್ತದೆ. ಆದರೆ ಎಕ್ಸ್ ಬೆಲೆ 10 ಕೊಟ್ಟು, 1 ಪಿಕ್ಸೆಲ್ ದಪ್ಪದ ಕಪ್ಪು ಲಂಬ ಗೆರೆ ಎಳೆದು ನೋಡಿ. ಸಾಮಾನ್ಯ ಮಾನಿಟರ್‌ನಲ್ಲಿ ಕಾಣುವುದು 2 ಪಿಕ್ಸೆಲ್ ಅಗಲದ ಮಸುಕು ಬೂದು ಗೆರೆ!

ಕಾರಣ ಗ್ರಾಫ್ ಹಾಳೆಯಲ್ಲೇ ಇದೆ. ಅಲ್ಲಿ 10 ಎಂಬುದು ಚೌಕವಲ್ಲ, ಎರಡು ಚೌಕಗಳ ನಡುವಿನ ಗಡಿ. ಗೆರೆ ಆಚೆ ಅರ್ಧ, ಈಚೆ ಅರ್ಧ ಚಾಚಿಕೊಳ್ಳುತ್ತದೆ. ಅರ್ಧ ಪಿಕ್ಸೆಲ್ ಬೆಳಗಿಸಲು ಪರದೆಗೆ ಬರುವುದಿಲ್ಲವಲ್ಲ, ಹಾಗಾಗಿ ಬ್ರೌಸರ್ ಎರಡಕ್ಕೂ ತಿಳಿ ಬಣ್ಣ ಬಳಿಯುತ್ತದೆ. 10.5 ಎಂದು ಕೊಡಿ, ಗೆರೆ ಒಂದೇ ಪಿಕ್ಸೆಲ್‌ನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ.

ಓರೆ ಗೆರೆಯದು ಇನ್ನೊಂದು ಕಥೆ. ಚೌಕಗಳಲ್ಲಿ ಎಳೆದ ಓರೆ ಗೆರೆ ನಿಜಕ್ಕೂ ಮೆಟ್ಟಿಲು. ಪ್ರತಿ ಹೆಜ್ಜೆಗೂ ಬರೀ ಪಕ್ಕಕ್ಕೆ ಸರಿಯಬೇಕೋ, ಜೊತೆಗೆ ಒಂದು ಮೆಟ್ಟಿಲು ಹತ್ತಬೇಕೋ? 1962ರಲ್ಲಿ ಐಬಿಎಂನಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್, ಪ್ರತಿ ಹೆಜ್ಜೆಯಲ್ಲೂ ಪೂರ್ಣಾಂಕಗಳನ್ನು ಕೂಡಿ ಕಳೆದೇ ಇದನ್ನು ತೀರ್ಮಾನಿಸುವ ದಾರಿ ಹುಡುಕಿದರು. ಅದೂ ಪರದೆಗಾಗಿ ಅಲ್ಲ, ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಪ್ಲಾಟರ್‌ಗಾಗಿ. ಕ್ಯಾನ್ವಾಸ್‌ನಲ್ಲಿ ಒಂದೊಂದೇ ಚೌಕ ತುಂಬುತ್ತಾ ಹೋದರೆ ‘ಡಿಸಿಷನ್ ಪ್ಯಾರಾಮೀಟರ್’ ಏನು ಮಾಡುತ್ತದೆಂದು ಕಣ್ಣಿಗೇ ಕಾಣುತ್ತದೆ, ಸೂತ್ರ ಬಾಯಿಪಾಠ ಮಾಡಬೇಕಿಲ್ಲ.

ಇಂಟರ್‌ವ್ಯೂಗೆ ಹೋಗುವ ನಮಗೆಲ್ಲ ಇದು ಚಿಲ್ಲರೆ ವಿಷಯವಲ್ಲ. ಗೆರೆ ಎಳೆಯುವ ಕೋಡ್ ಈಗ ಯಾರ ಮೊಬೈಲ್‌ನಲ್ಲಾದರೂ ಸಿಗುತ್ತದೆ. ಅದು ಮಸುಕಾದಾಗ ಯಾಕೆಂದು ಹೇಳಬಲ್ಲವರನ್ನೇ ಕೆಲಸಕ್ಕೆ ತೆಗೆದುಕೊಳ್ಳುವುದು ನ್ಯಾಯ ಕೂಡ. ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮುಂದಿನ ವೈವಾದಲ್ಲಿ ಅಲ್ಗಾರಿದಮ್ ಹೇಳು ಎನ್ನಬೇಡಿ. ಮಸುಕು ಗೆರೆಯೊಂದನ್ನು ಪರದೆಯ ಮೇಲೆ ತೋರಿಸಿ, ‘ಇದು ಹೀಗೇಕೆ?’ ಎಂದು ಕೇಳಿ.