ಸದ್ದಿಲ್ಲದ ಕೀಲಿಮಣೆಯ ಆಯ್ಕೆ

ಗಣಕಯಂತ್ರವು ಇಂದು ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲ್ಲೂಕು ಪಟ್ಟಣಗಳ ಅನೇಕ ಮನೆಗಳಲ್ಲಿಯೂ ಅದು ನೆಲೆಯೂರಿದೆ. ಹಗಲಿನಲ್ಲಿ ಪಾಠಕ್ಕೂ ಅರ್ಜಿಗಳ ಬರವಣಿಗೆಗೂ ಒದಗುವ ಆ ಯಂತ್ರವೇ ರಾತ್ರಿಯ ವೇಳೆ ತರುಣರ ಆಟದ ಬಯಲಾಗುತ್ತದೆ. ಆಟದಲ್ಲಿ ಆಸಕ್ತಿ ಬೆಳೆದ ಹುಡುಗನೋ ಹುಡುಗಿಯೋ ಮನೆಯಲ್ಲಿ ಮೊದಲು ಬೇಡುವ ವಸ್ತು 'ಗೇಮಿಂಗ್ ಕೀಬೋರ್ಡ್' ಎಂಬ ಹೆಸರಿನಿಂದ ಮಾರಾಟವಾಗುವ ಕೀಲಿಮಣೆ. ಇದಕ್ಕೆ ಹಿರಿಯರು ಒಡ್ಡುವ ಆಕ್ಷೇಪಗಳು ಎರಡು. ಒಂದು, ಅದರ ಬೆಲೆ; ಇನ್ನೊಂದು, ಮನೆಯವರೆಲ್ಲ ಮಲಗಿದ ಮೇಲೆ ಕೇಳಿಬರುವ ಅದರ ಟಕಟಕ ಸದ್ದು. ಎರಡೂ ನ್ಯಾಯವಾದ ಆಕ್ಷೇಪಗಳೇ ಸರಿ. ಆದರೆ ಅವುಗಳಿಗೆ ಪರಿಹಾರವಿಲ್ಲವೆಂದು ತಿಳಿಯಬೇಕಾಗಿಲ್ಲ. ಕೀಲಿಮಣೆಯ ಸದ್ದು ಅದರ ಒಳರಚನೆಯನ್ನು ಅವಲಂಬಿಸಿದೆ. ಬೆಲೆಯನ್ನಾಗಲಿ, ಪೆಟ್ಟಿಗೆಯ ಮೇಲಣ ಹೆಸರನ್ನಾಗಲಿ ಅವಲಂಬಿಸಿಲ್ಲ. ಆ ರಚನೆಯನ್ನು ಅರಿತು ಕೊಳ್ಳುವವರಿಗೆ ಅಗ್ಗದ ಕೀಲಿಮಣೆಯೇ ಅನೇಕ ವೇಳೆ ಹೆಚ್ಚು ಶಾಂತವಾದುದೂ ಆಗಿರುತ್ತದೆಂಬುದು ನಮ್ಮ ಅಭಿಪ್ರಾಯ.

ಆಟವನ್ನೇ ದುರ್ವ್ಯಸನವೆಂದು ತಳ್ಳಿಹಾಕುವ ಮಾತು ಇಲ್ಲಿ ಬೇಡ. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಇ-ಸ್ಪೋರ್ಟ್ಸ್‌ಗೂ ಪದಕಗಳಿದ್ದವು. ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿದ ಕಾಯಿದೆಯು ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನು ನೀಡಿತು. ಆದಕಾರಣ, ಒಬ್ಬರ ಆಟವು ಇನ್ನೊಬ್ಬರ ನಿದ್ರೆಯನ್ನು ಕೆಡಿಸದಂತೆ ಹೇಗೆ ನಡೆದೀತು ಎಂಬುದನ್ನಷ್ಟೇ ವಿಚಾರಿಸೋಣ.

ನಮ್ಮ ಸೀಮೆಯ ಮನೆಗಳ ಕಟ್ಟಡವು ಈ ವಿಚಾರಕ್ಕೆ ವಿಶೇಷ ಮಹತ್ವವನ್ನು ತಂದುಕೊಟ್ಟಿದೆ. ನೆಲಕ್ಕೆ ಶಹಾಬಾದಿನ ಫರಸಿ. ಗೋಡೆಗೆ ಕಲ್ಲು ಇಲ್ಲವೆ ಸಿಮೆಂಟಿನ ಗಿಲಾವು. ಬೇಸಿಗೆಯಲ್ಲಿ ತಂಪನ್ನೀಯುವ ಈ ಕಲ್ಲು ಶಬ್ದದ ವಿಷಯದಲ್ಲಿ ಬಹಳ ಕಠಿಣವಾದುದು. ನುಣುಪಾದ ಕಲ್ಲು ತನ್ನ ಮೇಲೆ ಬಿದ್ದ ಶಬ್ದಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಹೀರಿ, ಉಳಿದುದೆಲ್ಲವನ್ನೂ ಹಿಂದಕ್ಕೆಸೆಯುತ್ತದೆ. ಬಯಲಿನಲ್ಲಾದರೆ ದೂರವು ಎರಡು ಪಟ್ಟಾದಾಗ ಶಬ್ದದ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಕಲ್ಲಿನ ಕೋಣೆಯಲ್ಲಿ ಈ ನಿಯಮ ಕೆಲವು ಮೊಳಗಳವರೆಗೆ ಮಾತ್ರ ನಡೆದು, ಅಲ್ಲಿಂದಾಚೆಗೆ ಮಾರ್ದನಿಯು ಕೋಣೆಯನ್ನೆಲ್ಲ ಸಮವಾಗಿ ತುಂಬಿಕೊಳ್ಳುತ್ತದೆ. ದೂರದ ಮೂಲೆಯಲ್ಲಿ ಹಾಸಿಗೆ ಹಾಸಿದವರಿಗೂ ಸದ್ದು ತಪ್ಪದಿರುವ ಕಾರಣ ಇದೇ. ಬೇಸಿಗೆಯಲ್ಲಿ ತಿರುಗುವ ಪಂಖದ ಮೊರೆತವು ಅದನ್ನು ಕೊಂಚ ಮರೆಸೀತು. ಚಳಿಗಾಲದಲ್ಲಿ ಆ ಮರೆಯೂ ಇಲ್ಲ. ಅದೇ ಕಾಲ ತೊಗರಿಯ ಸುಗ್ಗಿ. ನಸುಕಿನಲ್ಲೆದ್ದು ಹೊಲಕ್ಕೆ ಹೊರಡಬೇಕಾದ ತಾಯಿಗೆ ಆ ನಿದ್ರೆಯ ಬೆಲೆ ಎಷ್ಟೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 1999ರ ತನ್ನ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಗೆ ಎರಡು ಮಿತಿಗಳನ್ನು ಸೂಚಿಸಿತು. ಎಡೆಬಿಡದ ಸದ್ದು 30 ಡೆಸಿಬೆಲ್ ಮೀರಬಾರದು. ಬಿಡಿಬಿಡಿಯಾಗಿ ಬರುವ ಸದ್ದು ಯಾವುದೂ 45 ಡೆಸಿಬೆಲ್ ಮೀರಬಾರದು. ಎರಡನೆಯ ಮಿತಿಯನ್ನು ವಾಚಕರು ಗಮನಿಸಬೇಕು. ಕೀಲಿಯ ಸದ್ದು ಹರಿಯುವ ಸದ್ದಲ್ಲ, ಬಡಿಯುವ ಸದ್ದು. ಸರಾಸರಿ ತೆಗೆದರೆ ಅದು ಅಲ್ಪವಾಗಿ ತೋರುತ್ತದೆ. ನಿದ್ರಿಸುವವರನ್ನು ಎಚ್ಚರಿಸುವುದು ಸರಾಸರಿಯಲ್ಲ, ಒಂದೊಂದು ಬಡಿತದ ಶಿಖರ.

ಹಾಗಾದರೆ ಈ ಬಡಿತ ಹುಟ್ಟುವುದೆಲ್ಲಿ? ಅಗ್ಗದ ಕೀಲಿಮಣೆಗಳಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ರಬ್ಬರಿನ ಪುಟ್ಟ ಗುಮ್ಮಟವೊಂದಿರುತ್ತದೆ. ಬೆರಳು ಒತ್ತಿದಾಗ ಗುಮ್ಮಟ ಕುಸಿದು, ಅದರಡಿಯ ಎರಡು ಪ್ಲಾಸ್ಟಿಕ್ ಪೊರೆಗಳ ಮೇಲೆ ಲೇಪಿಸಿದ ವಿದ್ಯುನ್ಮಾರ್ಗಗಳನ್ನು ಕೂಡಿಸುತ್ತದೆ. ಇದು ಪೊರೆಯ ಕೀಲಿಮಣೆ. ಪೇಟೆಯ ಮಾತಿನಲ್ಲಿ 'ಮೆಂಬ್ರೇನ್'. ರಬ್ಬರೇ ಬಡಿತದ ಶಕ್ತಿಯ ಒಂದು ಭಾಗವನ್ನು ನುಂಗಿಕೊಳ್ಳುವುದರಿಂದ ಇದರ ಸದ್ದು ಸ್ವಭಾವತಃ ಮಂದ. 'ಮೆಕ್ಯಾನಿಕಲ್' ಎಂಬ ದುಬಾರಿ ಬಗೆಯಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗು ಸಹಿತವಾದ ಪ್ರತ್ಯೇಕ ಸ್ವಿಚ್ಚು ಉಂಟು. ಇಲ್ಲಿ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಅದೂ ಎರಡು ಬಾರಿ, ಕೀಲಿ ತಳಮುಟ್ಟುವಾಗ ಒಮ್ಮೆ, ಚಿಮ್ಮಿ ಮೇಲೇರಿ ನಿಲ್ಲುವಾಗ ಮತ್ತೊಮ್ಮೆ.

ಇಂಥ ಸ್ವಿಚ್ಚುಗಳಲ್ಲಿ ಪ್ರಸಿದ್ಧವಾದುದು ಜರ್ಮನಿಯ ಚೆರ್ರಿ ಸಂಸ್ಥೆಯ ಎಂಎಕ್ಸ್ ಮಾದರಿ. ಅದರ ಪೇಟೆಂಟು 2014ರ ಸುಮಾರಿಗೆ ಮುಗಿದ ತರುವಾಯ ಗೇಟೆರಾನ್, ಕೈಲ್, ಔಟೆಮು ಮೊದಲಾದ ಚೀನದ ತಯಾರಕರ ಅಂಥವೇ ಸ್ವಿಚ್ಚುಗಳು ಪೇಟೆಯನ್ನು ತುಂಬಿ, ಬೆಲೆ ಇಳಿಯಿತು. ಇವುಗಳ ಬಣ್ಣಗಳಲ್ಲಿ ಕೊಳ್ಳುವವರಿಗೆ ಉಪಯುಕ್ತವಾದ ಸೂಚನೆಯೊಂದು ಅಡಗಿದೆ. ಸಾಮಾನ್ಯವಾಗಿ ನೀಲಿ ಸ್ವಿಚ್ಚು ಬೇಕೆಂದೇ 'ಕ್ಲಿಕ್' ಎಂದು ಸದ್ದು ಮಾಡುವಂತೆ ರಚಿತವಾದುದು. ಕಂದು ಸ್ವಿಚ್ಚು ಬೆರಳಿಗೆ ಸಣ್ಣ ತಡೆಯನ್ನು ತಿಳಿಸುತ್ತದೆ, ಕ್ಲಿಕ್ ಎನ್ನುವುದಿಲ್ಲ. ಕೆಂಪು ಸ್ವಿಚ್ಚು ತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಹಂಚಿಕೊಂಡು ಬಾಳುವ ಮನೆಗೆ ನೀಲಿ ಸ್ವಿಚ್ಚು ಸರ್ವಥಾ ಸಲ್ಲದು. ದುರ್ದೈವದಿಂದ ಅಗ್ಗದ ಮೆಕ್ಯಾನಿಕಲ್ ಕೀಲಿಮಣೆಗಳಲ್ಲಿ ಅನೇಕವು ನೀಲಿ ಸ್ವಿಚ್ಚಿನವೇ. ಚಿತ್ರ ನೋಡಿ ಅಂಚೆಯಲ್ಲಿ ತರಿಸುವವರು ಈ ಒಂದು ಪದವನ್ನು ಓದದೆ ಹಣ ಕಟ್ಟಬಾರದು. ಚಲನೆಯ ಎರಡೂ ತುದಿಗಳಿಗೆ ಮೆತ್ತೆಯನ್ನಿಟ್ಟ 'ಸೈಲೆಂಟ್' ಸ್ವಿಚ್ಚುಗಳೂ ಉಂಟು. ಅವು ನಿಜಕ್ಕೂ ಶಾಂತ, ಆದರೆ ಬೆಲೆ ಹೆಚ್ಚು. ಕೀಲಿಯ ಟೊಪ್ಪಿಗೆಯೊಳಗೆ ತೊಡಿಸುವ ರಬ್ಬರ್ ಉಂಗುರಗಳು ಕೆಳಗಿನ ಬಡಿತವನ್ನು ಮಾತ್ರ ತಗ್ಗಿಸುತ್ತವೆ. ಮೇಲಿನದು ಹಾಗೆಯೇ ಉಳಿಯುತ್ತದೆ.

ಕೀಲಿಮಣೆಯಷ್ಟೇ ಅಪರಾಧಿ ಅದನ್ನಿಟ್ಟ ಮೇಜು. ಕಂಪಿಸುವ ಶ್ರುತಿಕವೆಯನ್ನು ಗಾಳಿಯಲ್ಲಿ ಹಿಡಿದರೆ ಅದರ ಸ್ವರ ಕಿವಿಗೆ ಕಷ್ಟದಿಂದ ಮುಟ್ಟುತ್ತದೆ; ಅದರ ಕಾಲನ್ನು ಮೇಜಿಗೂರಿದೊಡನೆ ಕೊಠಡಿಯೆಲ್ಲ ಕೇಳುತ್ತದೆ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವ ನಾಡಿದು. ತಂತಿಯೊಂದರ ದನಿಗೆ ಬುರುಡೆ ಎಷ್ಟು ಬಲ ಕೊಡುತ್ತದೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ತೆಳುವಾದ ಹಲಗೆಯ ಮೇಜು, ತಗಡಿನ ಪೆಟ್ಟಿಗೆ ಇವು ಕೀಲಿಮಣೆಗೆ ಅಂಥ ಬುರುಡೆಗಳೇ. ಅಡಿಗೆ ಹಳೆಯ ಕೌದಿಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಕಂಪನವು ಮೇಜಿಗೆ ಇಳಿಯುವುದು ಬಹುಮಟ್ಟಿಗೆ ತಪ್ಪುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಹೊಸ ಕೀಲಿಮಣೆ ಕೊಳ್ಳುವ ಮೊದಲೇ ಪ್ರಯೋಗಿಸಿ ನೋಡಬೇಕು. ಬೆರಳಿಗೂ ಶಿಕ್ಷಣ ಬೇಕು. ಬಡಿತದ ಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ, ಅರ್ಧ ವೇಗದಲ್ಲಿ ಒತ್ತಿದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.

ಇನ್ನು ಆಟಕ್ಕೆ ನಿಜವಾಗಿ ಬೇಕಾದುದೇನು? ಹಲವು ಕೀಲಿಗಳನ್ನು ಏಕಕಾಲದಲ್ಲಿ ಒತ್ತಿದಾಗ ಯಂತ್ರವು ಎಲ್ಲವನ್ನೂ ಗುರುತಿಸಬೇಕು. ನೂರಕ್ಕೆ ಮೇಲ್ಪಟ್ಟ ಕೀಲಿಗಳಿಗೆ ಒಂದೊಂದು ತಂತಿಯನ್ನೆಳೆಯುವುದು ದುಬಾರಿಯಾದ್ದರಿಂದ ಅವನ್ನು ಅಡ್ಡಸಾಲು, ಉದ್ದಸಾಲುಗಳ ಜಾಲದಲ್ಲಿ ಜೋಡಿಸುತ್ತಾರೆ. 8 ಅಡ್ಡಸಾಲು, 16 ಉದ್ದಸಾಲುಗಳಾದರೆ 24 ತಂತಿಗಳಲ್ಲಿ 128 ಕೂಡುಸ್ಥಾನಗಳು ದೊರೆಯುತ್ತವೆ. ಆದರೆ ಈ ಜಾಲದ ಒಂದು ಚೌಕದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತಿ ಹರಿದು, ಒತ್ತದ ನಾಲ್ಕನೆಯ ಮೂಲೆಯೂ ಒತ್ತಿದಂತೆ ತೋರುತ್ತದೆ. ಈ 'ಭೂತ'ವನ್ನು ತಡೆಯಲು ಅಗ್ಗದ ಕೀಲಿಮಣೆ ಮೂರನೆಯ ಕೀಲಿಯನ್ನೇ ಅಲಕ್ಷಿಸುತ್ತದೆ. ಆಟದಲ್ಲಿ ಓಡುತ್ತ ಹಾರಬೇಕಾದವನು ಹಾರದೆ ಉಳಿಯುತ್ತಾನೆ. ಪ್ರತಿ ಕೀಲಿಗೂ ಒಂದು ಡಯೋಡನ್ನು ಕೂಡಿಸಿದರೆ ತೊಂದರೆ ತಪ್ಪುತ್ತದೆ. ಅಷ್ಟಿಲ್ಲದಿದ್ದರೂ, ಆಟದಲ್ಲಿ ಹೆಚ್ಚು ಬಳಕೆಯಾಗುವ ಕೀಲಿಗಳನ್ನು ಬೇರೆ ಬೇರೆ ಸಾಲುಗಳಿಗೆ ಹಂಚಿದ ಪೊರೆಯ ಕೀಲಿಮಣೆಗಳು ಸಿಗುತ್ತವೆ. ಪೆಟ್ಟಿಗೆಯ ಮೇಲೆ 'ಆ್ಯಂಟಿ-ಘೋಸ್ಟಿಂಗ್' ಎಂದಿರುವುದರ ಅರ್ಥ ಇದು. ಅಂಗಡಿಯಲ್ಲಿಯೇ ಪರೀಕ್ಷಿಸಬಹುದು: ಶಿಫ್ಟ್ ಮತ್ತು ಡಬ್ಲ್ಯು ಕೀಲಿಗಳನ್ನು ಒತ್ತಿಹಿಡಿದು, ಡಿ ಕೀಲಿಯನ್ನೂ ತರುವಾಯ ಸ್ಪೇಸ್ ಕೀಲಿಯನ್ನೂ ಒತ್ತಿ, ಎಲ್ಲವೂ ತೆರೆಯ ಮೇಲೆ ಮೂಡುತ್ತವೆಯೇ ಎಂದು ನೋಡುವುದು.

ವೇಗದ ಬಗ್ಗೆ ಜಾಹೀರಾತುಗಳು ಆಡುವ ಮಾತನ್ನು ಅಳತೆಗೆ ಹಚ್ಚಿ ನೋಡಬೇಕು. ಸಾಮಾನ್ಯ ಕೀಲಿಮಣೆಯಿಂದ ಗಣಕವು ಸೆಕೆಂಡಿಗೆ 125 ಬಾರಿ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕೇಳುತ್ತದೆ. ದುಬಾರಿಯದರಲ್ಲಿ 1000 ಬಾರಿ. ಕಣ್ಣು ಕಂಡುದಕ್ಕೆ ಬೆರಳು ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡು ಬೇಕು. ಸಾಧಾರಣ ತೆರೆಯ ಚಿತ್ರ ಬದಲಾಗುವುದೇ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಉಳಿಯುವ ಆ ಏಳು ಮಿಲಿಸೆಕೆಂಡಿಗಾಗಿ ಮನೆಯ ಆಟಗಾರನು ಸಾವಿರಾರು ರೂಪಾಯಿ ತೆರಬೇಕಾಗಿಲ್ಲ. ಬಣ್ಣಬಣ್ಣದ ದೀಪಗಳಂತೂ ಆಟಕ್ಕೆ ಯಾವ ಸಹಾಯವನ್ನೂ ಮಾಡವು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಸಾವಿರ ರೂಪಾಯಿಯ ಒಳಗೆ ಸಿಗುವ, ಭೂತನಿವಾರಣೆಯುಳ್ಳ, ತಂತಿಸಹಿತವಾದ ಪೊರೆಯ ಕೀಲಿಮಣೆ ಹೆಚ್ಚಿನವರಿಗೆ ಸಾಕು. ಅದರ ಎರಡು ಮೂರು ಪಟ್ಟು ವ್ಯಯ ಮಾಡಬಲ್ಲವರು ಕೆಂಪು ಅಥವಾ ಸೈಲೆಂಟ್ ಸ್ವಿಚ್ಚಿನದನ್ನು ಆರಿಸಲಿ. ಸುಗ್ಗಿಯ ದೂಳು ಎಲ್ಲೆಡೆ ನುಗ್ಗುವ ಈ ಸೀಮೆಯಲ್ಲಿ ಟೊಪ್ಪಿಗೆಗಳನ್ನು ಕಳಚಿ ಕುಂಚದಿಂದ ಒರಸಲು ಬರುವಂತಿದ್ದರೆ ಬಾಳಿಕೆ ಹೆಚ್ಚು. ಅದೇ ಮಣೆಯ ಮೇಲೆ ಕನ್ನಡವನ್ನೂ ಬರೆಯಬೇಕೆಂಬುದನ್ನು ಮರೆಯಬಾರದು. ಕೆ. ಪಿ. ರಾವ್ ಅವರು ರೂಪಿಸಿದ, 'ನುಡಿ'ಯಿಂದ ಪ್ರಚಾರಗೊಂಡ ವಿನ್ಯಾಸದಲ್ಲಿ 'ಕ' ಕೀಲಿಯೊಡನೆ ಶಿಫ್ಟ್ ಸೇರಿದರೆ 'ಖ' ಆಗುತ್ತದೆ. ಹೀಗೆ ಮಹಾಪ್ರಾಣಗಳಿಗೆಲ್ಲ ಶಿಫ್ಟ್ ಬೇಕಾದ್ದರಿಂದ ಆ ಕೀಲಿ ಗಟ್ಟಿಯಾಗಿಯೂ ಅಗಲವಾಗಿಯೂ ಇರತಕ್ಕದ್ದು.

ಕೊನೆಯದಾಗಿ ತಯಾರಕರನ್ನು ಕುರಿತು ಒಂದು ಮಾತು. ತಾಲ್ಲೂಕಿನ ಗಿರಾಕಿಯು ಕೀಲಿಮಣೆಯ ಚಿತ್ರವನ್ನು ನೋಡಬಲ್ಲನು, ಸದ್ದನ್ನು ಕೇಳಲಾರನು. ಪೆಟ್ಟಿಗೆಯ ಮೇಲೆ ದೀಪದ ಬಣ್ಣಗಳ ಸಂಖ್ಯೆ ಅಚ್ಚಾಗಿರುತ್ತದೆ; ಡೆಸಿಬೆಲ್‌ಗಳ ಸಂಖ್ಯೆಯನ್ನು ಕಾಣುವುದು ಅಪರೂಪ. ಗಣಕೋಪಕರಣಗಳ ಸದ್ದನ್ನು ಅಳೆಯುವ ಕ್ರಮವನ್ನು ಐಎಸ್‌ಒ 7779 ಎಂಬ ಅಂತರರಾಷ್ಟ್ರೀಯ ಮಾನಕವು ನಿಗದಿಪಡಿಸಿದೆ. ನಮ್ಮ ದೇಶದಲ್ಲಿಯೇ 2006ರಿಂದ ಶೀತಕಪೆಟ್ಟಿಗೆಗಳು ವಿದ್ಯುದುಳಿತಾಯದ ನಕ್ಷತ್ರಗಳನ್ನು ಧರಿಸಿ ಪೇಟೆಗೆ ಬರುತ್ತಿವೆ. ಅಳೆಯುವ ಕ್ರಮವಿದ್ದು, ಅಳತೆಯನ್ನು ಚೀಟಿಯ ಮೇಲೆ ತಿಳಿಸುವ ರೂಢಿಯೂ ಇರುವಾಗ, ಕೀಲಿಮಣೆಯ ಸದ್ದನ್ನು ಮಾತ್ರ ಗುಟ್ಟಾಗಿಡಲು ಕಾರಣವಿಲ್ಲ. ಗಿರಾಕಿಗಳು ಅಂಗಡಿಯಲ್ಲಿ ಈ ಸಂಖ್ಯೆಯನ್ನು ಕೇಳುವುದನ್ನು ರೂಢಿಸಿಕೊಳ್ಳಬೇಕು. ಕೇಳುವವರು ಹೆಚ್ಚಿದಂತೆ ಅದನ್ನು ಅಚ್ಚುಮಾಡುವವರೂ ಹುಟ್ಟಿಕೊಳ್ಳುವರೆಂದು ನಾವು ನಂಬುತ್ತೇವೆ.